ಗಿಂಕೋ ಎಲ್ಲೂ ಉಳಿಯುವುದಿಲ್ಲ

ಅಪ್ರೈಸಲ್ ಮುಗಿದ ವಾರ ನಮ್ಮ ಆಫೀಸುಗಳ ಕ್ಯಾಂಟೀನಿನಲ್ಲಿ ಒಂದೇ ಮಾತು ಕೇಳಿಸುತ್ತದೆ. "ಎಲ್ಲ ಬಿಟ್ಟು ಹೊರಟ್ಬಿಡಬೇಕು ಮಾರಾಯ." ಎಲ್ಲಿಗೆ ಅಂತ ಮಾತ್ರ ಕೇಳಬಾರದು. ಸ್ಪಿತಿ ಕಣಿವೆ, ಗೋಕರ್ಣ, ವಿಯೆಟ್ನಾಂ, ಯಾವುದೋ ಒಂದು. ಬೆನ್ನಿಗೊಂದು ಚೀಲ, ಕೆಳಗೊಂದು ಬುಲೆಟ್ಟು, ಮುಂದೆ ಖಾಲಿ ರಸ್ತೆ. ಅಲೆಮಾರಿ ಅನ್ನೋ ಪದವನ್ನು ನಮ್ಮ ಅಜ್ಜಂದಿರು ಬೈಗುಳದ ಹಾಗೆ ಬಳಸುತ್ತಿದ್ದರು. ನಾವು ಅದನ್ನು ಇನ್‌ಸ್ಟಾಗ್ರಾಂ ಬಯೋದಲ್ಲಿ ಬಿರುದಿನ ಹಾಗೆ ಹಾಕಿಕೊಳ್ಳುತ್ತೇವೆ.

ಆ ಬಿರುದು ಬೇಕು ಅನ್ನುವವರಿಗೆಲ್ಲ ನಾನು ಒಂದು ಜಪಾನಿ ಅನಿಮೇಷನ್ ಸರಣಿಯನ್ನು ಶಿಫಾರಸು ಮಾಡುತ್ತೇನೆ. ಹೊರಡಲಾಗದೆ ಮನೆಯಲ್ಲೇ ಉಳಿದವರಿಗೆ ಇನ್ನೂ ಸ್ವಲ್ಪ ಜೋರಾಗಿ ಶಿಫಾರಸು ಮಾಡುತ್ತೇನೆ.

ಸರಣಿಯ ಹೆಸರು 'ಮುಶಿಶಿ'. ಯುಕಿ ಉರುಶಿಬಾರಾ ಎಂಬ ಕಲಾವಿದೆ 1999ರಿಂದ 2008ರವರೆಗೆ ಬರೆದ ಮಾಂಗಾ ಇದರ ಮೂಲ. ಹಿರೋಶಿ ನಾಗಹಾಮಾ ನಿರ್ದೇಶನದಲ್ಲಿ 2005ರ ಕೊನೆಯಲ್ಲಿ ಟೀವಿಗೆ ಬಂತು. ಒಟ್ಟು 26 ಕಂತು. 2014ರಲ್ಲಿ ಮುಂದಿನ ಭಾಗವೂ ಬಂತು. ಅನಿಮೆ ಅಂದ ಕೂಡಲೇ ಕಿರುಚಾಟ, ಕತ್ತಿವರಸೆ, ಕಣ್ಣಲ್ಲಿ ಬೆಂಕಿ ನೆನಪಿಸಿಕೊಳ್ಳುವವರು ಇಲ್ಲಿ ಸ್ವಲ್ಪ ತಡೆದುಕೊಳ್ಳಬೇಕು. ಇಲ್ಲಿ ಯಾರೂ ಕಿರುಚೋದಿಲ್ಲ. ಮಳೆ ಬರುತ್ತೆ, ಹಿಮ ಬೀಳುತ್ತೆ, ಒಬ್ಬ ಮನುಷ್ಯ ಬೆನ್ನ ಮೇಲೆ ಮರದ ಪೆಟ್ಟಿಗೆ ಹೊತ್ತು ಗುಡ್ಡ ಹತ್ತಿ ಒಂದು ಊರಿಗೆ ಬರ್ತಾನೆ. ಏನೋ ಒಂದು ಆಗುತ್ತೆ. ಮತ್ತೆ ಹೊರಡ್ತಾನೆ. ಇಷ್ಟೇ ಕಥೆ, 26 ಸಲ.

ಆ ಮನುಷ್ಯನ ಹೆಸರು ಗಿಂಕೋ. ಬಿಳಿ ಕೂದಲು, ಒಂದೇ ಕಣ್ಣು, ಅದೂ ಹಸಿರು. ಬಾಯಲ್ಲಿ ಸದಾ ಒಂದು ಬೀಡಿಯಂಥದ್ದು. ಕಥೆ ನಡೆಯುವುದು ಎಡೋ ಮತ್ತು ಮೇಜಿ ಕಾಲಗಳ ನಡುವೆ ಎಲ್ಲೋ ಇದ್ದಿರಬಹುದಾದ ಕಲ್ಪನೆಯ ಜಪಾನಿನಲ್ಲಿ. ಊರಿನವರೆಲ್ಲ ಕಿಮೊನೊದಲ್ಲಿದ್ದರೆ ಇವನೊಬ್ಬ ಮಾತ್ರ ನಮ್ಮ ನಿಮ್ಮ ಹಾಗೆ ಪ್ಯಾಂಟು ಶರ್ಟು ಹಾಕಿರ್ತಾನೆ. ಯಾಕೆ ಅಂತ ಯಾರೂ ಕೇಳೋದಿಲ್ಲ.

ಅವನ ಕಸುಬು 'ಮುಶಿ'ಗಳಿಗೆ ಸಂಬಂಧಿಸಿದ್ದು. ಜಪಾನಿ ಭಾಷೆಯಲ್ಲಿ ಮುಶಿ ಅಂದರೆ ಹುಳ. ನಮ್ಮಲ್ಲಿ ತಲೆಯೊಳಗೆ ಹುಳ ಬಿಡುವ ಹಾಗೆ ಅವರಲ್ಲೂ ಹುಳಗಳು ದೇಹದೊಳಗೇ ಇವೆ. ಸಿಟ್ಟು ಇಳಿಯದಿದ್ದರೆ ಹೊಟ್ಟೆಯ ಹುಳ ಅಡಗಿಲ್ಲ ಅಂತಾರೆ. ಕೆಟ್ಟದ್ದು ಆಗಲಿದೆ ಅಂತ ಮೊದಲೇ ಮನಸ್ಸಿಗೆ ಅನ್ನಿಸಿದರೆ ಹುಳ ಸುದ್ದಿ ಮುಟ್ಟಿಸಿತು ಅಂತಾರೆ. ಈ ಸರಣಿಯ ಮುಶಿಗಳು ಇಂಥ ಮಾತುಗಳಿಂದಲೇ ಎದ್ದು ಬಂದ ಹಾಗಿವೆ. ಪ್ರಾಣಿಯೂ ಅಲ್ಲದ, ಸಸ್ಯವೂ ಅಲ್ಲದ, ದೆವ್ವವಂತೂ ಅಲ್ಲದ ಜೀವಗಳು. ಕೆಲವರ ಕಣ್ಣಿಗೆ ಕಾಣುತ್ತವೆ, ಹೆಚ್ಚಿನವರಿಗೆ ಕಾಣುವುದಿಲ್ಲ.

ಮೊದಲ ಕಂತಿನಲ್ಲೇ ಗಿಂಕೋ ಒಬ್ಬ ಹುಡುಗನಿಗೆ ತನ್ನ ಕೈಯನ್ನೇ ತೋರಿಸಿ ಇದನ್ನು ವಿವರಿಸ್ತಾನೆ. ನಾಲ್ಕು ಬೆರಳು ಪ್ರಾಣಿಗಳು, ಹೆಬ್ಬೆರಳು ಸಸ್ಯಗಳು ಅಂದುಕೋ. ಮನುಷ್ಯ ಇರೋದು ನಡುಬೆರಳಿನ ತುದಿಯಲ್ಲಿ, ಹೃದಯದಿಂದ ಅತಿ ದೂರದಲ್ಲಿ. ಅಂಗೈ ಕಡೆಗೆ ಬಂದಷ್ಟೂ ಸರಳ ಜೀವಗಳು. ಮಣಿಕಟ್ಟಿನ ಹತ್ತಿರ ರಕ್ತನಾಳಗಳು ಕೂಡುವ ಕಡೆ ಅಣಬೆ, ಸೂಕ್ಷ್ಮಜೀವಿಗಳು. ಅಲ್ಲಿಂದಾಚೆಗೆ ಪ್ರಾಣಿ ಯಾವುದು, ಸಸ್ಯ ಯಾವುದು ಅಂತ ಬೇರೆ ಮಾಡೋದೇ ಕಷ್ಟ. ತೋಳು ದಾಟಿ, ಭುಜ ದಾಟಿ, ಎದೆಯ ಹತ್ತಿರ ಎಲ್ಲೋ ಇರುವುದು ಮುಶಿ.

ನಾವು ಬೆರಳ ತುದಿಯಲ್ಲಿ ಕೂತು ನಮ್ಮದೇ ಎತ್ತರದ ಜಾಗ ಅಂದುಕೊಂಡಿದ್ದೇವೆ. ಅವನ ಲೆಕ್ಕದಲ್ಲಿ ಅದು ಬರೀ ದೂರದ ಜಾಗ.

* * *

ಇನ್ನು ಆ ಬಯೋ ಬಿರುದಿನ ವಿಷಯ. ಗಿಂಕೋ ಯಾಕೆ ಅಲೀತಾನೆ? ಲೋಕ ನೋಡೋ ಆಸೆಯಿಂದಲ್ಲ. ತನ್ನನ್ನು ತಾನು ಹುಡುಕಿಕೊಳ್ಳೋಕೂ ಅಲ್ಲ. ಅವನ ದೇಹವೇ ಮುಶಿಗಳನ್ನು ಸೆಳೆಯುತ್ತದೆ. ಒಂದೇ ಜಾಗದಲ್ಲಿ ಹೆಚ್ಚು ದಿನ ಉಳಿದರೆ ಆ ಊರೇ ಮುಶಿಗಳ ಗೂಡಾಗಿಬಿಡುತ್ತದೆ. ಬಾಯಲ್ಲಿರುವ ಆ ಬೀಡಿಯೂ ಚಟವಲ್ಲ, ಅದರ ಹೊಗೆಗೆ ಮುಶಿಗಳು ದೂರ ಹೋಗುತ್ತವೆ. ಹಾಗಾಗಿ ಅವನಿಗೆ ಇಷ್ಟವಾದ ಊರನ್ನೇ ಅವನು ಬೇಗ ಬಿಡಬೇಕು. ಒಳ್ಳೆಯ ಊಟ ಹಾಕಿದವರ ಜಗಲಿಯಿಂದಲೇ ಮೊದಲು ಏಳಬೇಕು.

ಅಂದರೆ ಅಲೆದಾಟ ಅವನ ಸ್ವಾತಂತ್ರ್ಯವಲ್ಲ, ಅವನ ಜವಾಬ್ದಾರಿ. ನಾನು ಇಲ್ಲಿದ್ದರೆ ನಿಮಗೆ ತೊಂದರೆ, ಆದ್ದರಿಂದ ಹೊರಟೆ ಅನ್ನುವಂಥದ್ದು.

ಈ ಯೋಚನೆ ನಮಗೆ ತೀರಾ ಹೊಸದೇನಲ್ಲ. ಜೈನ ಮುನಿಗಳು ವರ್ಷದ ಹೆಚ್ಚು ಭಾಗ ನಡೆಯುತ್ತಲೇ ಇದ್ದು, ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದು ಕಡೆ ನಿಲ್ಲುತ್ತಾರೆ. ನಡೆಯುವುದು ಯಾವ ಊರೂ ತನ್ನದು ಅನ್ನಿಸದಿರಲಿ ಅಂತ. ನಿಲ್ಲುವುದು ಮಳೆಯಲ್ಲಿ ಹುಟ್ಟಿ ನೆಲದ ತುಂಬ ಹರಿದಾಡುವ ಹುಳಹುಪ್ಪಟೆಗಳು ಕಾಲಡಿಗೆ ಸಿಗದಿರಲಿ ಅಂತ. ಜಂಗಮ ಅನ್ನೋ ಪದವಂತೂ ಕನ್ನಡದವರಿಗೆ ಹನ್ನೆರಡನೆಯ ಶತಮಾನದಿಂದ ಬಾಯಿಪಾಠ. ಹೋಗುವುದರಲ್ಲೂ ನಿಲ್ಲುವುದರಲ್ಲೂ ಬೇರೆಯವರ ಲೆಕ್ಕ ಇರಬೇಕು ಅನ್ನೋದನ್ನು ನಾವು ಕೇಳಿಯೇ ಬೆಳೆದಿದ್ದೇವೆ. ಬುಲೆಟ್ಟು ಹತ್ತುವಾಗ ಮಾತ್ರ ಅದು ನೆನಪಾಗೋದಿಲ್ಲ.

ನನ್ನ ಮಟ್ಟಿಗೆ ಹೇಳೋದಾದರೆ, ನಾನು ಮೂರು ವರ್ಷದಿಂದ ಎಲ್ಲಿಗೂ ಹೋಗಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾರೆ. ಅಮ್ಮನ ಅಮ್ಮ, ಎಂಬತ್ತಮೂರು ವರ್ಷ. ಮಲೆನಾಡಿನ ಒಂದು ಒಂಟಿ ಮನೆಯಲ್ಲಿ ಹಸು, ಅಡಿಕೆ, ಮಳೆ ನೋಡಿಕೊಂಡಿದ್ದವರು ಈಗ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನ ನಾಲ್ಕನೇ ಮಹಡಿಯಲ್ಲಿದ್ದಾರೆ. ಮರೆವಿನ ಕಾಯಿಲೆ. ಡಿಮೆನ್ಷಿಯಾ ಅಂತ ಡಾಕ್ಟರು ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ವಾಸಿ ಆಗತ್ತಾ?" ಆಗೋದಿಲ್ಲ, ನಿಧಾನ ಮಾಡೋಕೆ ನೋಡಬಹುದು, ಅಂದರು. ಹಗಲು ಅಮ್ಮ ನೋಡಿಕೊಳ್ಳುತ್ತಾರೆ, ರಾತ್ರಿ ಪಾಳಿ ನನ್ನದು. ನನ್ನದು ಸರ್ವರುಗಳು ಬೀಳದ ಹಾಗೆ ಕಾಯುವ ಕೆಲಸ, ಹಾಗಾಗಿ ಹೇಗೂ ಎದ್ದಿರುತ್ತೇನೆ. ಮುಶಿಶಿ ನೋಡಿದ್ದೂ ಹಾಗೇ, ರಾತ್ರಿ ಒಂದೂವರೆಗೆ, ಇಯರ್‌ಫೋನಿನ ಒಂದು ಕಡೆ ಮಾತ್ರ ಕಿವಿಗೆ ಹಾಕಿಕೊಂಡು. ಇನ್ನೊಂದು ಕಿವಿ ಅಜ್ಜಿಯ ಕೋಣೆಯ ಕಡೆ.

ಅಲೆಯುವವನ ಕಥೆಯನ್ನು ಅಲುಗಾಡಲಾಗದವಳು ನೋಡಿದರೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ. ಯಾಕೆ ಅಂತ ಯೋಚಿಸಿದಾಗ ಹೊಳೆದದ್ದು ಇದು. ಅವನಿಗೆ ಉಳಿಯುವ ಆಯ್ಕೆ ಇಲ್ಲ, ನನಗೆ ಹೊರಡುವ ಆಯ್ಕೆ ಇಲ್ಲ. ಇಬ್ಬರ ಕೈಯಲ್ಲೂ ಉಳಿದಿರೋದು ಒಂದೇ, ಎದುರಿಗಿರುವುದನ್ನು ಹೇಗೆ ನೋಡಬೇಕು ಅನ್ನೋದು.

* * *

ಕಾಯಿಲೆ ಗೊತ್ತಾದ ಮೊದಲ ಆರು ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಒಂದು ನ್ಯಾಯಾಲಯವಾಗಿತ್ತು. ಅಪರಾಧಿ ಯಾರು ಅಂತ ಹುಡುಕಾಟ. ಒಬ್ಬ ಮಾವನ ಪ್ರಕಾರ ಅಜ್ಜಿಯನ್ನು ಊರಿಂದ ಕಿತ್ತು ತಂದದ್ದೇ ಕಾರಣ. ಚಿಕ್ಕಮ್ಮನ ಪ್ರಕಾರ ಅಲ್ಯುಮಿನಿಯಂ ಪಾತ್ರೆ. ಇನ್ನೊಬ್ಬರ ಪ್ರಕಾರ ಅಜ್ಜ ತೀರಿಕೊಂಡಾಗ ಅವರು ಸರಿಯಾಗಿ ಅಳಲಿಲ್ಲ. ಪದಬಂಧ ಬಿಡಿಸಿದ್ದರೆ ಹೀಗಾಗ್ತಿರಲಿಲ್ಲ ಅಂತ ಇಂಗ್ಲಿಷ್ ಲೇಖನದ ಲಿಂಕು ಕಳಿಸಿದವರೂ ಇದ್ದರು. ಜೀವನಪೂರ್ತಿ ಅಡಿಗೆಮನೆ ಬಿಟ್ಟು ಆಚೆ ಬರಲು ಬಿಡದ ಮನೆಯಲ್ಲಿ ಅಜ್ಜಿಗೆ ಪದಬಂಧ ತಂದುಕೊಡುತ್ತಿದ್ದವರು ಯಾರು ಅಂತ ಯಾರೂ ಕೇಳಲಿಲ್ಲ. ಕೊನೆಗೆ ಎಲ್ಲ ವಾದಗಳೂ ಬಂದು ನಿಲ್ಲುತ್ತಿದ್ದದ್ದು ಅಮ್ಮನ ಮೇಲೆ. ಅಜ್ಜಿ ಇರುವುದು ಅಮ್ಮನ ಮನೆಯಲ್ಲಿ, ಅದಕ್ಕೆ.

ಮುಶಿಶಿಯ ಪ್ರತಿ ಕಂತಿನಲ್ಲೂ ಇಂಥದ್ದೊಂದು ಕುಟುಂಬ ಇದೆ. ಮಗುವಿಗೆ ಕಣ್ಣು ಕಾಣೋದಿಲ್ಲ, ಗಂಡನಿಗೆ ಕನಸು ಬಿಡೋದಿಲ್ಲ, ಸಮುದ್ರಕ್ಕೆ ಹೋದ ಹೆಂಡತಿ ಮರಳಿ ಬರೋದಿಲ್ಲ. ಎಲ್ಲರೂ ಗಿಂಕೋನನ್ನು ಕೇಳುವುದು ಒಂದೇ, ಯಾಕೆ ಹೀಗಾಯ್ತು, ಯಾರು ಮಾಡಿದರು? ಅವನ ಉತ್ತರ ಹೆಚ್ಚು ಕಡಿಮೆ ಒಂದೇ. ಮುಶಿಗೆ ನಿಮ್ಮ ಮೇಲೆ ದ್ವೇಷವಿಲ್ಲ. ಅದು ತನ್ನ ಪಾಡಿಗೆ ಬದುಕುತ್ತಿದೆ, ನೀವು ನಿಮ್ಮ ಪಾಡಿಗೆ. ಎರಡು ಬದುಕು ಒಂದೇ ಜಾಗದಲ್ಲಿ ಹಾದುಹೋಗುವಾಗ ಒಂದಕ್ಕೆ ನೋವಾಯಿತು.

ಇದು ಸಮಾಧಾನದ ಮಾತಾಗಿ ಕೇಳಿಸೋದಿಲ್ಲ, ನಿಜ. ದೇವರ ಶಾಪ ಅಂದರೆ ಕನಿಷ್ಠ ಹರಕೆ ಹೊರಬಹುದು. ಯಾರದೋ ತಪ್ಪು ಅಂದರೆ ಬೈಯಬಹುದು. ಯಾರೂ ಏನೂ ಮಾಡಲಿಲ್ಲ, ಆದರೂ ಆಯಿತು ಅನ್ನೋದನ್ನು ಎಲ್ಲಿ ಇಟ್ಟುಕೊಳ್ಳುವುದು?

ತಮಾಷೆ ಏನು ಗೊತ್ತಾ, ಆಫೀಸಿನಲ್ಲಿ ನಾವು ಇದನ್ನು ಈಗಾಗಲೇ ಮಾಡ್ತೀವಿ. ಸರ್ವರು ಬಿದ್ದು ಎದ್ದಮೇಲೆ ಒಂದು ಮೀಟಿಂಗ್ ಇರುತ್ತೆ. ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ ಹೆಸರು. ಯಾರು ಮಾಡಿದ್ದು ಅಂತ ಕೇಳೋ ಹಾಗಿಲ್ಲ. ಏನಾಯ್ತು, ಯಾವ ಹೊತ್ತಿಗೆ ಏನು ಗೊತ್ತಿತ್ತು, ಈಗ ಏನು ಮಾಡಬಹುದು, ಇಷ್ಟೇ. ಇದು ಸಂತರ ಗುಣ ಅಂತ ಯಾರೂ ಶುರು ಮಾಡಿದ್ದಲ್ಲ. ಬೈಗುಳದ ಭಯ ಇದ್ದರೆ ಜನ ನಿಜ ಹೇಳೋದಿಲ್ಲ, ನಿಜ ಹೇಳದಿದ್ದರೆ ಸರ್ವರು ಮತ್ತೆ ಬೀಳುತ್ತೆ. ಯಂತ್ರಗಳ ವಿಷಯದಲ್ಲಿ ನಮಗಿರುವ ಈ ವಿವೇಕ ಮನೆಯ ವಾಟ್ಸಾಪ್ ಗುಂಪಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ಒಳಗೆ ಬರುತ್ತೇವೆ.

ಗಿಂಕೋ ಮಾಡುವುದು ಹೆಚ್ಚುಕಡಿಮೆ ಆ ಮೀಟಿಂಗನ್ನೇ. ಮೊದಲು ಕೇಳ್ತಾನೆ. ತುಂಬ ಹೊತ್ತು ಕೇಳ್ತಾನೆ. ಯಾವಾಗಿಂದ, ಯಾವ ಹೊತ್ತಿನಲ್ಲಿ ಜಾಸ್ತಿ, ಮೊದಲ ಸಲ ಆದಾಗ ಎಲ್ಲಿದ್ದೆ? ಆಮೇಲೆ ಪೆಟ್ಟಿಗೆಯ ಹತ್ತಾರು ಖಾನೆಗಳಲ್ಲಿ ಒಂದನ್ನು ಎಳೆದು ಏನೋ ಒಂದು ಕೊಡ್ತಾನೆ. ಕೆಲವೊಮ್ಮೆ ವಾಸಿಯಾಗುತ್ತೆ. ಕೆಲವೊಮ್ಮೆ ಅರ್ಧ. ಕನಸು ಕಂಡದ್ದೆಲ್ಲ ನಿಜವಾಗಿಬಿಡುವ ಜಿನ್ ಎಂಬವನ ಕಥೆಯಲ್ಲಿ ಗಿಂಕೋನ ಔಷಧ ಆ ಮನುಷ್ಯನನ್ನೂ ಉಳಿಸೋದಿಲ್ಲ, ಅವನ ಊರನ್ನೂ ಉಳಿಸೋದಿಲ್ಲ. ಹೀಗೂ ಆಗುತ್ತೆ ಅನ್ನೋದನ್ನು ಈ ಸರಣಿ ಮುಚ್ಚಿಡೋದಿಲ್ಲ.

* * *

ಇಲ್ಲಿ ಒಂದು ಅಪಾಯ ಇದೆ, ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಯಾರದೂ ತಪ್ಪಲ್ಲ ಅನ್ನುವ ಮಾತು ತುಂಬ ಬೇಗ ಹಣೆಬರಹ ಆಗಿಬಿಡುತ್ತೆ. ನಮ್ಮ ದೇಶದಲ್ಲಿ ಹಸಿವನ್ನೂ ಜಾತಿಯನ್ನೂ ಹೀಗೇ ಹೇಳಿ ಒಪ್ಪಿಸಿದ್ದಾರೆ. ಚರಂಡಿಗೆ ಇಳಿದವನು ಸತ್ತರೆ ಅದು ಮುಶಿಯ ಕೆಲಸವಲ್ಲ. ಅಲ್ಲಿ ಇಳಿಸಿದವರು ಇದ್ದಾರೆ.

ಗಿಂಕೋಗೆ ಈ ವ್ಯತ್ಯಾಸ ಗೊತ್ತು. 'ಭಾರದ ಬೀಜ' ಅಂತ ಕರೆಯಬಹುದಾದ ಒಂದು ಕಂತಿದೆ. ಸುತ್ತಲೂ ಬರಗಾಲ, ಒಂದೇ ಊರಿನಲ್ಲಿ ಮಾತ್ರ ಭರ್ಜರಿ ಭತ್ತ. ಆ ನೆಲದಲ್ಲಿ ಯಾರೋ ಒಂದು ಬೀಜ ಹೂತಿದ್ದಾರೆ. ಅದು ಬೆಳೆ ಕೊಡುತ್ತೆ, ಬದಲಿಗೆ ಊರಿನ ಒಬ್ಬರ ಜೀವ ತೆಗೆದುಕೊಳ್ಳುತ್ತೆ. ಬೀಜಕ್ಕೆ ಪಾಪಪುಣ್ಯ ಇಲ್ಲ, ಅದರ ಗುಣವೇ ಅದು. ಆದರೆ ಹೂತವನು ಮನುಷ್ಯ. ಗಿಂಕೋ ಬೀಜವನ್ನು ಬೈಯೋದಿಲ್ಲ, ಹೂತ ಅರ್ಚಕನ ಎದುರು ಕೂತು ಗಟ್ಟಿಯಾಗಿ ಮಾತಾಡ್ತಾನೆ. ಆ ಅರ್ಚಕ ಹಿಂದೊಮ್ಮೆ ಇದೇ ಬೀಜಕ್ಕೆ ತನ್ನ ಹೆಂಡತಿಯನ್ನೇ ಕಳೆದುಕೊಂಡವನು. ಈ ಸಲ ತನ್ನ ಜೀವವನ್ನೇ ಕೊಡಲು ಸಿದ್ಧನಾಗಿದ್ದಾನೆ. ಹಾಗಾಗಿ ಅವನನ್ನು ಕಟುಕ ಅಂತ ತಳ್ಳಿಹಾಕುವ ಸುಲಭವೂ ನಮಗಿಲ್ಲ. ಆದರೂ ಲೆಕ್ಕ ಕೇಳಬೇಕಾದದ್ದು ಅವನನ್ನೇ.

ಈ ಕಂತು ನೋಡಿದ ಮೇಲೆ ನನಗೊಂದು ಅಭ್ಯಾಸ ಬಂದಿದೆ. ಏನಾದರೂ ಕೆಟ್ಟದ್ದಾದಾಗ ಇದರಲ್ಲಿ ಮುಶಿ ಎಷ್ಟು, ಮನುಷ್ಯ ಎಷ್ಟು ಅಂತ ಭಾಗ ಮಾಡಿಕೊಳ್ಳುವುದು. ಅಜ್ಜಿಯ ಮಿದುಳಿನೊಳಗೆ ಆಗುತ್ತಿರುವುದು ಮುಶಿ. ಅದಕ್ಕೆ ಅಮ್ಮನನ್ನು ಬೈದರೆ ಪ್ರಯೋಜನವಿಲ್ಲ. ಆದರೆ ನಾಲ್ಕು ಮಕ್ಕಳಿರುವ ಮನೆಯಲ್ಲಿ ಹಗಲಿಡೀ ನೋಡಿಕೊಳ್ಳೋದು ಹಿರಿಯ ಮಗಳು ಒಬ್ಬಳೇ, ಉಳಿದವರು ಭಾನುವಾರ ವಿಡಿಯೋ ಕಾಲ್ ಮಾಡಿ ಸಲಹೆ ಕೊಡೋದು, ಇದು ಮುಶಿ ಅಲ್ಲ. ಇದು ಹಂಚಿಕೆಯ ವಿಷಯ. ಇದನ್ನು ಗುಂಪಿನಲ್ಲಿ ಹೀಗೇ ಬರೆದೆ, ಬೈಗುಳ ಇಲ್ಲದೆ, ಒಂದು ಟೈಮ್‌ಟೇಬಲ್ ಜೊತೆ. ಎರಡು ದಿನ ಯಾರೂ ಉತ್ತರಿಸಲಿಲ್ಲ. ಮೂರನೇ ದಿನ ಅಲ್ಯುಮಿನಿಯಂ ಚಿಕ್ಕಮ್ಮ ಫೋನ್ ಮಾಡಿ, ತಿಂಗಳಿಗೆ ಹತ್ತು ದಿನ ತಾನು ಬಂದು ಇರುತ್ತೇನೆ ಅಂದರು. ಬರುವಾಗ ಸ್ಟೀಲಿನ ಪಾತ್ರೆ ತಂದರು, ಅದು ಬೇರೆ ಮಾತು.

* * *

ಇನ್ನೊಂದು ಕಂತಿನ ವಿಷಯ ಹೇಳಲೇಬೇಕು. ಒಂದು ದ್ವೀಪ. ಅಲ್ಲಿ ಅಕೋಯಾ ಅನ್ನೋ ಹುಡುಗಿಯನ್ನು ಊರಿನವರು ಬದುಕಿರುವ ದೇವತೆ ಅಂತ ಪೂಜಿಸ್ತಾರೆ. ಕಾರಣ, ಅವಳು ದಿನಾ ಸಂಜೆ ಮುದುಕಿಯಾಗಿ ಸಾಯುತ್ತಾಳೆ, ಬೆಳಗ್ಗೆ ಮತ್ತೆ ಹುಡುಗಿಯಾಗಿ ಏಳುತ್ತಾಳೆ. ಅವಳೊಳಗೆ ಒಂದು ಮುಶಿ ಇದೆ, ಅದರ ಆಯುಷ್ಯ ಒಂದು ದಿನ. ಅವಳ ಕಾಲವೂ ಅದರ ಕಾಲಕ್ಕೆ ಸೇರಿಬಿಟ್ಟಿದೆ. ಬಾಲ್ಯದ ಗೆಳೆಯನ ಮಾತಿಗೆ ಗಿಂಕೋ ಬಂದು ಮುಶಿಯನ್ನು ತೆಗೀತಾನೆ. ಹುಡುಗಿ ವಾಸಿಯಾಗ್ತಾಳೆ.

ಬೇರೆ ಸರಣಿಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ವಾಸಿಯಾದವಳಿಗೆ ಭಯ ಶುರುವಾಗುತ್ತೆ. ನಾಳೆ ಅನ್ನೋದು ಇದೆ, ಅದರಾಚೆ ಇನ್ನೊಂದು ನಾಳೆ, ಹೀಗೆ ಕೊನೆಯೇ ಇಲ್ಲದ ದಿನಗಳು. ಒಂದೊಂದು ದಿನವೂ ತುಂಬಿ ತುಳುಕುತ್ತಿದ್ದ ಬದುಕಿನಿಂದ ಬಂದವಳಿಗೆ ಈ ಉದ್ದದ ಕಾಲ ಖಾಲಿ ಖಾಲಿ. ಕೊನೆಗೆ ಅವಳು ತಾನಾಗಿಯೇ ಆ ಮುಶಿಯ ಬದುಕಿಗೆ ಹಿಂದಿರುಗುತ್ತಾಳೆ. ಗಿಂಕೋ ಅವಳಿಗೆ ಬುದ್ಧಿ ಹೇಳೋದಿಲ್ಲ.

ಇದನ್ನು ನೋಡಿ, ಅಜ್ಜಿಯೂ ವರ್ತಮಾನದಲ್ಲಿ ಬದುಕುತ್ತಿದ್ದಾರೆ, ಎಷ್ಟು ಚಂದ, ಅಂತ ಬರೆದುಬಿಡಬಹುದು. ಧ್ಯಾನದ ಆ್ಯಪುಗಳು ತಿಂಗಳಿಗಿಷ್ಟು ಅಂತ ಮಾರೋದು ಅದನ್ನೇ ತಾನೆ? ಆದರೆ ಅದು ಸುಳ್ಳು. ಸಂಜೆ ಐದೂವರೆಯಾದರೆ ಅಜ್ಜಿಗೆ ದಿಗಿಲು. ಕರು ಕಟ್ಟಬೇಕು, ಮನೆಗೆ ಹೋಗ್ತೀನಿ, ಬಾಗಿಲು ತೆಗೆಯಿರಿ ಅಂತ ಚಿಲಕ ಅಲುಗಿಸುತ್ತಾರೆ. ಅಲ್ಲಿ ಯಾವ ಧ್ಯಾನವೂ ಇಲ್ಲ, ಬರೀ ಭಯ. ಅಕೋಯಾ ಆರಿಸಿಕೊಂಡಳು, ಅಜ್ಜಿಯನ್ನು ಯಾರೂ ಕೇಳಲಿಲ್ಲ.

ನನಗೆ ಆ ಕಂತಿನಿಂದ ಸಿಕ್ಕಿದ್ದು ಬೇರೆ. ಸರಿಯಾದ ಕಾಲವನ್ನು ಒಬ್ಬರಿಗೆ ಮರಳಿ ಕೊಡೋದು ಯಾವಾಗಲೂ ಉಪಕಾರವಲ್ಲ. ನಮ್ಮ ಮಾವ ವಿಡಿಯೋ ಕಾಲಿನಲ್ಲಿ ಪ್ರತಿ ವಾರ ಅಜ್ಜಿಯನ್ನು ತಿದ್ದುತ್ತಿದ್ದರು. "ಅಮ್ಮಾ, ಇದು ಬೆಂಗಳೂರು. ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತಲ್ಲ, ನೆನಪಿಲ್ವಾ?" ಅಜ್ಜಿಗೆ ನೆನಪಿರುತ್ತಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಅವರು ಹೊಸದಾಗಿ ವಿಧವೆಯಾಗುತ್ತಿದ್ದರು. ಪ್ರತಿ ಭಾನುವಾರವೂ ಮೊದಲ ಸಲ ಕೇಳಿದ ಹಾಗೆ ಅಳು. ನಿಜ ಹೇಳಿದ ತೃಪ್ತಿ ಮಾವನದು, ಸಂಜೆಯಿಡೀ ಆ ಅಳುವಿನ ಜೊತೆ ಕೂರೋದು ಅಮ್ಮನ ಪಾಲು.

ಒಂದು ದಿನ ಅಮ್ಮ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು, ಇನ್ನು ತಿದ್ದಬೇಡ ಅಂದರು. ಸುಳ್ಳು ಹೇಳಬೇಕಾ ಅಂತ ಮಾವ ಕೇಳಿದರು. ಅಪ್ಪ ಹೇಗಿದ್ದರು ಅಂತ ಕೇಳು, ಅದು ಸುಳ್ಳಲ್ಲವಲ್ಲ, ಅಂದರು ಅಮ್ಮ. ಅಮ್ಮ ಮುಶಿಶಿ ನೋಡಿಲ್ಲ, ನೋಡೋದೂ ಇಲ್ಲ. ಈಗ ಸಂಜೆ ಕರು ಕಟ್ಟುವ ಹೊತ್ತಿಗೆ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲೋದಿಲ್ಲ. ಯಾವ ಕರು, ಎಂಥಾ ಬಣ್ಣ, ಅದರ ತಾಯಿಯ ಹೆಸರೇನು ಅಂತ ಕೇಳುತ್ತಾರೆ. ಅಜ್ಜಿ ಹೇಳುತ್ತಾ ಹೇಳುತ್ತಾ ಕೂರುತ್ತಾರೆ. ಕೆಲವು ದಿನ ಇದೂ ನಡೆಯೋದಿಲ್ಲ, ಆಗ ಇಬ್ಬರೂ ಲಿಫ್ಟಿನಲ್ಲಿ ಕೆಳಗಿಳಿದು ಪಾರ್ಕಿಂಗ್ ಒಂದು ಸುತ್ತು ಹಾಕಿ ಬರುತ್ತಾರೆ.

* * *

ಮೂರನೇ ಕಂತಿನಲ್ಲಿ ಹಿಮ ಬಿದ್ದು ಎಲ್ಲ ಸದ್ದೂ ಅಡಗಿದ ಒಂದು ಊರಿದೆ. ಅಲ್ಲಿ ಸದ್ದು ತಿನ್ನುವ ಮುಶಿ ಕಿವಿಯೊಳಗೆ ಸೇರಿ ಜನ ಕಿವುಡರಾಗುತ್ತಿದ್ದಾರೆ. ಮೌನವನ್ನೇ ತಿನ್ನುವ ಇನ್ನೊಂದು ಮುಶಿಯೂ ಇದೆ. ಅದರಿಂದ ಮಾಹೋ ಅನ್ನೋ ಹುಡುಗನ ಹಣೆಯಲ್ಲಿ ಕೊಂಬು ಮೂಡಿದೆ, ಅವನಿಗೆ ತಡೆಯಲಾರದಷ್ಟು ಸದ್ದುಗಳು ಕೇಳುತ್ತವೆ. ಅವನ ತಾಯಿಯೂ ಇದೇ ಕಾಯಿಲೆಯಿಂದ ಸತ್ತವಳು. ಪರಿಹಾರ ಸಿಗುವುದು ಅಂಗೈಗಳಿಂದ ಕಿವಿ ಮುಚ್ಚಿಕೊಂಡಾಗ. ಆಗ ಒಳಗಿನಿಂದ ಒಂದು ಗುಡುಗುಡು ಸದ್ದು ಕೇಳುತ್ತದಲ್ಲ, ಅದು. ನೆಲದಡಿಯಲ್ಲಿ ಲಾವಾ ಹರಿದ ಹಾಗಿರುವ ಆ ಸದ್ದನ್ನು ತಾಯಿ ಅವನಿಗೆ ಕೇಳಿಸಿದ್ದಳು.

ಲೇಖನ ಇಲ್ಲೇ ನಿಲ್ಲಿಸಿ ಒಮ್ಮೆ ಕಿವಿ ಮುಚ್ಚಿಕೊಂಡು ನೋಡಿ. ಅದು ನಿಮ್ಮದೇ ಕೈ ಮತ್ತು ತೋಳಿನ ಸ್ನಾಯುಗಳು ಬಿಗಿಯುವ ಸದ್ದು. ಬದುಕಿರುವವರೆಗೂ ಇರುವ ಸದ್ದು.

ನಮ್ಮಲ್ಲಿ ಇದಕ್ಕೆ ಬೇರೆ ಕಥೆ ಇದೆ. ನಾನು ಚಿಕ್ಕವಳಿದ್ದಾಗ ಅಜ್ಜಿ ನನ್ನ ಎರಡೂ ಕಿವಿ ಮುಚ್ಚಿ, ಕೇಳಿಸ್ತಾ, ರಾವಣನ ಚಿತೆ ಇನ್ನೂ ಉರೀತಾ ಇದೆ ಅನ್ನುತ್ತಿದ್ದರು. ಆ ಕಂತು ನೋಡಿದ ಮಾರನೇ ಸಂಜೆ ನಾನು ಅಜ್ಜಿಯ ಎದುರು ಕೂತು ನನ್ನ ಕಿವಿ ಮುಚ್ಚಿಕೊಂಡು ತೋರಿಸಿದೆ. ನನ್ನ ಹೆಸರು ಅವರಿಗೆ ಆ ದಿನ ಗೊತ್ತಿರಲಿಲ್ಲ. ಆದರೆ ಕೈ ತಾನಾಗಿ ಎದ್ದು ಅವರ ಕಿವಿಗೆ ಹೋಯಿತು. ಸ್ವಲ್ಪ ಹೊತ್ತು ಕೇಳಿದರು. "ಇನ್ನೂ ಆರಿಲ್ಲ ನೋಡು" ಅಂದರು. ಅಷ್ಟೇ. ಅದರಿಂದ ಕಾಯಿಲೆಗೆ ಏನೂ ಆಗಲಿಲ್ಲ, ಆದರೆ ಆ ಸಂಜೆ ಚಿಲಕದ ಸದ್ದು ಇರಲಿಲ್ಲ.

* * *

ಅಲೆಯುವವನ ಕಥೆಯಲ್ಲಿ ಅಲುಗದ ಒಬ್ಬಳಿದ್ದಾಳೆ, ಟಾನ್‌ಯೂ. ನನಗೆ ಇಡೀ ಸರಣಿಯಲ್ಲಿ ಅತಿ ಹತ್ತಿರದವಳು. ಅವಳ ವಂಶದ ಹಿರಿಯಳೊಬ್ಬಳ ಮೈಯಲ್ಲಿ ಎಲ್ಲ ಜೀವವನ್ನೂ ಅಳಿಸಬಲ್ಲ ಒಂದು ಮುಶಿಯನ್ನು ಬಂಧಿಸಲಾಗಿತ್ತು. ಕೆಲವು ತಲೆಮಾರಿಗೊಮ್ಮೆ ಅದರ ಕಪ್ಪು ಗುರುತು ಹೊತ್ತ ಮಗು ಹುಟ್ಟುತ್ತೆ. ಟಾನ್‌ಯೂಗೆ ಅದು ಕಾಲಿನಲ್ಲಿದೆ, ಊರುಗೋಲಿಲ್ಲದೆ ಓಡಾಡಲಾರಳು. ಅದನ್ನು ಹಿಡಿದಿಡುವ ದಾರಿ ಒಂದೇ. ಊರೂರು ಅಲೆಯುವ ಮುಶಿಶಿಗಳು ಬಂದು ತಾವು ಕಂಡ ಮುಶಿಗಳ ಕಥೆ ಹೇಳಬೇಕು, ಅವಳು ನೋವು ಸಹಿಸಿಕೊಂಡು ಅದನ್ನು ಬರೆಯಬೇಕು. ಬರೆದಷ್ಟೂ ಆ ಕಪ್ಪು ಸ್ವಲ್ಪ ಸ್ವಲ್ಪವೇ ಇಳಿಯುತ್ತೆ.

ಬರುವವರಲ್ಲಿ ಹೆಚ್ಚಿನವರು ಹೇಳೋದು ತಾವು ಮುಶಿಗಳನ್ನು ಹೇಗೆ ಕೊಂದೆವು ಅನ್ನೋ ಶೌರ್ಯದ ಕಥೆ. ಕೇಳಿ ಕೇಳಿ ಅವಳಿಗೆ ಬೇಸರ. ಗಿಂಕೋ ಬಂದು ಕೊಲ್ಲದ ಕಥೆಗಳನ್ನು ಹೇಳುತ್ತಾನೆ. ಅವಳು ಲೋಕ ನೋಡೋದು ಆ ಕಥೆಗಳಲ್ಲಿ. ಅವನು ಅಲೆದದ್ದಕ್ಕೆ ಒಂದು ಅರ್ಥ ಬರೋದೂ ಅಲ್ಲೇ, ಕೂತು ಬರೆದುಕೊಳ್ಳುವ ಒಬ್ಬಳ ಎದುರು. ಒಂದಲ್ಲ ಒಂದು ದಿನ ಕಾಲು ವಾಸಿಯಾದರೆ ಜೊತೆಗೆ ಹೋಗೋಣ ಅನ್ನೋ ಆಸೆ ಅವಳಿಗಿದೆ. ಅಲ್ಲಿಯವರೆಗೆ ಅವನು ಬದುಕಿ ಉಳಿದಿರಬೇಕು, ಇವಳು ಬರೆದು ಮುಗಿಸಿರಬೇಕು. ಇಬ್ಬರೂ ಅದನ್ನು ದೊಡ್ಡ ವಿಷಯ ಮಾಡೋದಿಲ್ಲ.

ಹಾಗಾಗಿ ಹೊರಟುಬಿಡಬೇಕು ಅನ್ನುವವರನ್ನು ನಾನು ತಡೆಯೋದಿಲ್ಲ. ಹೋಗಿ ಬನ್ನಿ. ಆದರೆ ಬಂದ ಮೇಲೆ ಎಷ್ಟು ಕಿಲೋಮೀಟರ್ ಆಯ್ತು, ಎಷ್ಟು ಎತ್ತರ ಹತ್ತಿದೆ ಅಂತ ಹೇಳಬೇಡಿ. ಯಾರ ಮನೆಯ ಜಗಲಿಯಲ್ಲಿ ಕೂತಿದ್ದಿರಿ, ಅವರು ಏನು ಹೇಳಿದರು, ನೀವು ಎಷ್ಟು ಹೊತ್ತು ಸುಮ್ಮನೆ ಕೇಳಿದಿರಿ, ಅದನ್ನು ಹೇಳಿ. ಹೋಗಲಾಗದವರು ನಾವು ಒಂದಷ್ಟು ಜನ ಇಲ್ಲಿದ್ದೇವೆ. ರಾತ್ರಿ ಎದ್ದೇ ಇರ್ತೀವಿ.

ಇನ್ನು ಸರಣಿ ನೋಡುವವರಿಗೆ ಒಂದು ಮಾತು. ಒಂದೇ ವಾರಾಂತ್ಯದಲ್ಲಿ 26 ಕಂತು ಮುಗಿಸಿ ಪಟ್ಟಿಯಲ್ಲಿ ಟಿಕ್ ಹಾಕಬೇಡಿ. ಪ್ರತಿ ಕಂತೂ ಒಂದು ಪೂರ್ತಿ ಕಥೆ, ಯಾವುದರಿಂದ ಶುರು ಮಾಡಿದರೂ ನಡೆಯುತ್ತೆ. ದಿನಕ್ಕೆ ಒಂದು ಸಾಕು. ನೋಡಿದ ಮೇಲೆ ದೀಪ ಆರಿಸಿ, ಫೋನು ಕೆಳಗಿಟ್ಟು, ಮನೆಯಲ್ಲಿ ಯಾರು ಯಾರು ಉಸಿರಾಡುತ್ತಿದ್ದಾರೆ ಅಂತ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ.